ಒಂದೇ ಕಲ್ಲು, ಎರಡು ಬಣ್ಣ

ಕೊಳ್ಳೇಗಾಲ, ಯಳಂದೂರು, ಹನೂರಿನವರಿಗೆ ಊಟಿ ಅಂಥ ದೂರದ ಊರಲ್ಲ. ಹೋಗಿಬಂದವರು ವರ್ಕಿ, ನೀಲಗಿರಿ ತೈಲ, ಚಹಾಪುಡಿಯ ಜೊತೆ ಒಮ್ಮೊಮ್ಮೆ ಒಂದು ಹೂಕುಂಡವನ್ನೂ ತರುತ್ತಾರೆ. ಅಂಗೈಗಿಂತ ಅಗಲವಾದ ದಪ್ಪ ಎಲೆ, ಮೇಲೆ ಎರಡೂ ಕೈ ಸೇರಿಸಿ ಹಿಡಿಯುವಷ್ಟು ದೊಡ್ಡ ನೀಲಿ ಗೊಂಚಲು. ಹೆಸರು ಹೈಡ್ರೇಂಜಿಯ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ಕೆಲವು ವಾರ ಕಳೆದು ಗೊಂಚಲು ಬಾಡುತ್ತದೆ. ಗಿಡವನ್ನು ಅಂಗಳದ ಮಣ್ಣಿಗೆ ಇಳಿಸುತ್ತಾರೆ, ಬೋರ್‌ವೆಲ್ ನೀರು ಹಾಕುತ್ತಾರೆ, ಮರುವರ್ಷಕ್ಕೆ ಕಾಯುತ್ತಾರೆ.

ಮರುವರ್ಷ ಮೂರರಲ್ಲಿ ಒಂದಾಗುತ್ತದೆ. ಹೂ ಬಂದರೆ ಅದು ನೀಲಿಯಲ್ಲ, ಗುಲಾಬಿ. ಇಲ್ಲವೇ ಗಿಡ ಸೊಂಪಾಗಿ ಬೆಳೆದು ಹೂವೇ ಬರುವುದಿಲ್ಲ. ಅದೂ ಅಲ್ಲದಿದ್ದರೆ ಎಳೆಯ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಯಾಗುತ್ತದೆ. ನರ್ಸರಿಯವನು ಮೋಸ ಮಾಡಿದ ಎಂದು ಕೆಲವರು ಬಯ್ಯುತ್ತಾರೆ. ದೃಷ್ಟಿಯಾಯಿತು ಎಂದು ಇನ್ನು ಕೆಲವರು.

ಮೂರು ಲಕ್ಷಣಕ್ಕೂ ಕಾರಣ ಬೇರೆ ಬೇರೆ. ಬಣ್ಣ ಅಲ್ಯೂಮಿನಿಯಂನ ಕೆಲಸ, ಹಳದಿ ಕಬ್ಬಿಣದ ಕೊರತೆ, ಹೂ ಬಿಡುವುದು ಬಿಡದಿರುವುದು ಚಳಿಯ ಲೆಕ್ಕ. ಆದರೆ ಮೂರರ ಹಿಂದೆಯೂ ಇರುವುದು ಒಂದೇ ಸಂಗತಿ: ಗಿಡ ನಿಂತಿರುವುದು ಬೆಟ್ಟದ ಮೇಲೋ, ಬುಡದಲ್ಲೋ? ಇದನ್ನು ನೋಡಲು ಯಳಂದೂರಿಗಿಂತ ಒಳ್ಳೆಯ ತಾಲ್ಲೂಕು ಸಿಗುವುದು ಕಷ್ಟ. ಊರಿನಿಂದ ಬಸ್ಸು ಹತ್ತಿ ಸುಮಾರು 25 ಕಿಲೋಮೀಟರ್ ಹೋದರೆ ಬಿಳಿಗಿರಿರಂಗನ ಬೆಟ್ಟ. ಅಷ್ಟರಲ್ಲಿ ಗಾಳಿ, ಮಳೆ, ಮಣ್ಣು ಎಲ್ಲ ಬದಲಾಗುತ್ತವೆ. ಹೆಚ್ಚು ಬದಲಾಗದಿರುವುದು ಅಡಿಯ ಕಲ್ಲು ಮಾತ್ರ.

ದಳವಲ್ಲದ ದಳ

ನಮ್ಮ ತೋಟಗಳಲ್ಲಿ ಕಾಣುವ ಹೈಡ್ರೇಂಜಿಯ ಬಹುಮಟ್ಟಿಗೆ ‘ಹೈಡ್ರೇಂಜಿಯ ಮ್ಯಾಕ್ರೊಫಿಲ್ಲ’ ಎಂಬ ಜಪಾನಿ ಪ್ರಭೇದ. ಅಲ್ಲಿ ಅದು ಜೂನ್ ತಿಂಗಳ ಮಳೆಗಾಲದ ಹೂ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥುನ್‌ಬರ್ಗ್ 1784ರಲ್ಲಿ ಪ್ರಕಟಿಸಿದ ಜಪಾನಿನ ಸಸ್ಯಗಳ ಪುಸ್ತಕದಲ್ಲಿ ಇದನ್ನು ಬೇರೊಂದು ಕುಲಕ್ಕೆ ಸೇರಿಸಿ ವರ್ಣಿಸಿದ್ದ. ಐದು ವರ್ಷಗಳ ಬಳಿಕ ಬ್ರಿಟಿಷ್ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಚೀನಾದಿಂದ ತರಿಸಿದ ಗಿಡ ಲಂಡನ್ನಿನ ಕ್ಯೂ ಉದ್ಯಾನ ಸೇರಿತು. ಆಮೇಲೆ ಅದು ಯುರೋಪಿನ ತೋಟಗಳನ್ನೆಲ್ಲ ಹೊಕ್ಕಿತು, ಬ್ರಿಟಿಷರ ಗಿರಿಧಾಮಗಳಿಗೂ ಬಂತು.

ಗೊಂಚಲಿನಲ್ಲಿ ನಾವು ಮೆಚ್ಚುವ ಬಣ್ಣದ ಭಾಗಗಳು ಹೂವಿನ ದಳಗಳಲ್ಲ, ಪುಷ್ಪಪತ್ರಗಳು. ಮೊಗ್ಗನ್ನು ಹೊರಗಿನಿಂದ ಕಾಯುವ ಹಸಿರು ಎಸಳುಗಳು ಇಲ್ಲಿ ಹಿಗ್ಗಿ ಬಣ್ಣ ತಳೆದಿವೆ. ನಿಜವಾದ ದಳ, ಕೇಸರಗಳಿರುವುದು ಅವುಗಳ ನಡುವಿನ ಸಣ್ಣ ಗುಂಡಿನಲ್ಲಿ. ಈ ರಚನೆಯಿಂದ ತೋಟಗಾರನಿಗೆ ಒಂದು ಲಾಭವಿದೆ. ದಳ ಬೇಗ ಉದುರುತ್ತದೆ, ಪುಷ್ಪಪತ್ರ ವಾರಗಟ್ಟಲೆ ನಿಲ್ಲುತ್ತದೆ. ಆ ವಾರಗಳಲ್ಲಿ ಬೇರು ಮಣ್ಣಿನಿಂದ ಏನನ್ನು ಹೀರಿತೋ ಅದು ಬಣ್ಣವಾಗಿ ಕಣ್ಣಿಗೆ ಬೀಳುತ್ತದೆ.

ನಿಂಬೆ ಹಿಂಡಿ ನೋಡಿ

ಬೇಲಿಯ ಮೇಲಿನ ಶಂಖಪುಷ್ಪದ ನಾಲ್ಕು ಹೂಗಳನ್ನು ಬಿಸಿನೀರಿಗೆ ಹಾಕಿ. ನೀರು ಕಡುನೀಲಿಯಾಗುತ್ತದೆ. ಅದಕ್ಕೆ ನಿಂಬೆಹುಳಿ ಹಿಂಡಿದರೆ ನೇರಳೆಗೆ ತಿರುಗಿ ಗುಲಾಬಿಯತ್ತ ಹೋಗುತ್ತದೆ. ಹೂಗಳ ನೀಲಿ, ಕೆಂಪು, ನೇರಳೆಗೆ ಕಾರಣವಾದ ಆಂಥೊಸಯನಿನ್ ವರ್ಣಕಗಳ ಸಾಮಾನ್ಯ ಗುಣ ಇದು: ಹುಳಿ ಹೆಚ್ಚಿದರೆ ಕೆಂಪು, ತಗ್ಗಿದರೆ ನೀಲಿ.

ಹೈಡ್ರೇಂಜಿಯದ ವರ್ಣಕವೂ ಇದೇ ಮನೆತನದ್ದು. ಶಂಖಪುಷ್ಪದಲ್ಲಿರುವಂತೆ ಇದರಲ್ಲೂ ಮೂಲ ಅಣು ಡೆಲ್ಫಿನಿಡಿನ್. ಹಾಗಿದ್ದರೆ ಹುಳಿ ಮಣ್ಣಿನಲ್ಲಿ ಗಿಡ ಗುಲಾಬಿಯಾಗಬೇಕಿತ್ತು. ಆಗುವುದು ಉಲ್ಟಾ. ಹುಳಿ ಮಣ್ಣಿನಲ್ಲಿ ನೀಲಿ, ಸುಣ್ಣದ ಮಣ್ಣಿನಲ್ಲಿ ಗುಲಾಬಿ. ನೀಲಿ ಗೊಂಚಲನ್ನೂ ಗುಲಾಬಿ ಗೊಂಚಲನ್ನೂ ಅರೆದು ಪರೀಕ್ಷಿಸಿದರೆ ಎರಡರಲ್ಲೂ ಸಿಗುವುದು ಅದೇ ವರ್ಣಕ. ವ್ಯತ್ಯಾಸ ಇರುವುದು ಜೊತೆಗಿರುವ ಲೋಹದಲ್ಲಿ.

ಆ ಲೋಹ ಅಲ್ಯೂಮಿನಿಯಂ. ಅಮೆರಿಕದಲ್ಲಿ ಆರ್. ಸಿ. ಆಲನ್ 1943ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬಣ್ಣಕ್ಕೂ ಗಿಡದೊಳಗಿನ ಅಲ್ಯೂಮಿನಿಯಂಗೂ ಇರುವ ನಂಟನ್ನು ಗಟ್ಟಿ ಮಾಡಿದವು. 2011ರಲ್ಲಿ ವರ್ಜೀನಿಯದ ರಸಾಯನ ವಿಜ್ಞಾನಿ ಹೆನ್ರಿ ಶ್ರೈಬರ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಒಂದು ಗ್ರಾಂ ಹಸಿ ಪುಷ್ಪಪತ್ರದಲ್ಲಿ ಸುಮಾರು 40 ಮೈಕ್ರೊಗ್ರಾಂ ಅಲ್ಯೂಮಿನಿಯಂ ಇದ್ದರೆ ನೀಲಿ ಪೂರ್ತಿ ಮೂಡುತ್ತದೆ ಎಂದು ಕಂಡುಬಂತು. ಗ್ರಾಮಿನ ಲಕ್ಷದಲ್ಲಿ ನಾಲ್ಕು ಪಾಲು! ಅಷ್ಟು ಅಲ್ಪ ಲೋಹ ಇಡೀ ಗೊಂಚಲಿನ ಬಣ್ಣ ತಿರುಗಿಸುತ್ತದೆ.

ಜಪಾನಿನ ನಗೋಯ ವಿಶ್ವವಿದ್ಯಾಲಯದ ಕುಮಿ ಯೋಶಿದ ಇನ್ನೂ ಒಳಗೆ ಹೋದರು. ಬಣ್ಣವಿರುವುದು ಪುಷ್ಪಪತ್ರದ ಹೊರಪದರದಲ್ಲಿ ಅಲ್ಲ, ಅದರ ಕೆಳಗಿನ ಎರಡನೇ ಸಾಲಿನ ಕೋಶಗಳಲ್ಲಿ. ಅವರ ತಂಡ ಬಿಡಿ ಬಿಡಿ ಕೋಶಗಳಿಗೆ ಅತಿ ಸೂಕ್ಷ್ಮ ವಿದ್ಯುದ್ವಾರ ಚುಚ್ಚಿ ರಸಸಾರವನ್ನು, ಅಂದರೆ ಹುಳಿಯ ಅಳತೆಯಾದ ಪಿಎಚ್ ಅನ್ನು, ಅಳೆಯಿತು. ಕೆಂಪು ಕೋಶದಲ್ಲಿ ರಸಸಾರ 3.3, ನೀಲಿ ಕೋಶದಲ್ಲಿ 4.1. ಎರಡೂ ಹುಳಿಯೇ, ನೀಲಿ ಕೋಶದಲ್ಲಿ ಸ್ವಲ್ಪ ಕಡಿಮೆ. ಮಣ್ಣಿನ ಹುಳಿ ನೇರವಾಗಿ ಹೂವಿನೊಳಗೆ ಬರುವುದಿಲ್ಲ. ಅದು ಅಲ್ಯೂಮಿನಿಯಂಗೆ ಬಾಗಿಲು ತೆರೆಯುತ್ತದೆ ಅಷ್ಟೆ. ಒಳಗೆ ಬಂದ ಲೋಹ ಡೆಲ್ಫಿನಿಡಿನ್ ಜೊತೆ ಕೈಜೋಡಿಸುತ್ತದೆ. ಇಬ್ಬರನ್ನೂ ಹಿಡಿದು ನಿಲ್ಲಿಸಲು ಮೂರನೆಯ ಒಂದು ಅಣು ಬೇಕು. ಅದು ಕೆಫಿಯೋಯಿಲ್‌ಕ್ವಿನಿಕ್ ಆಮ್ಲ ಎಂಬ ಗುಂಪಿನದು. ಕಾಫಿ ಬೀಜದಲ್ಲಿ ಹೇರಳವಾಗಿರುವ ಕ್ಲೋರೋಜೆನಿಕ್ ಆಮ್ಲದ ದಾಯಾದಿ. ವರ್ಣಕ, ಲೋಹ, ಜೊತೆಗಾರ ಅಣು ಮೂರೂ ಕೂಡಿದರೆ ನೀಲಿ. ಲೋಹ ಬಾರದಿದ್ದರೆ ಗುಲಾಬಿ. ಬಿಳಿ ತಳಿಗಳಲ್ಲಿ ವರ್ಣಕವೇ ಇಲ್ಲದ್ದರಿಂದ ಅವಕ್ಕೆ ಏನು ಹಾಕಿದರೂ ನೀಲಿ ಬಾರದು.

ಕರಗಿದ ಅಲ್ಯೂಮಿನಿಯಂ ಹೆಚ್ಚಿನ ಬೆಳೆಗಳಿಗೆ ವಿಷ. ಬೇರಿನ ತುದಿ ಬೆಳೆಯುವುದನ್ನೇ ಅದು ನಿಲ್ಲಿಸುತ್ತದೆ. ಹೈಡ್ರೇಂಜಿಯ ಹೇಗೆ ತಾಳಿಕೊಳ್ಳುತ್ತದೆ ಎಂಬುದಕ್ಕೆ ಜಪಾನಿನಲ್ಲಿ ಜಿಯಾನ್ ಫೆಂಗ್ ಮಾ ತಂಡ 1997ರಲ್ಲಿ ಉತ್ತರ ಕೊಟ್ಟಿತು: ಎಲೆಯೊಳಗೆ ಬಂದ ಅಲ್ಯೂಮಿನಿಯಂನ ಪ್ರತಿ ಕಣಕ್ಕೂ ಒಂದೊಂದು ಸಿಟ್ರೇಟ್ ಅಣುವನ್ನು ಗಂಟುಹಾಕಿ ಅದರ ವಿಷ ತೆಗೆಯುತ್ತದೆ. ನಿಂಬೆಹಣ್ಣಿನ ಹುಳಿಯ ಅಣುವೇ ಸಿಟ್ರೇಟ್.

ಮಳೆ ಇಳಿಸಿದ್ದು, ಬಿಸಿಲು ಉಳಿಸಿದ್ದು

ಅಲ್ಯೂಮಿನಿಯಂ ಎಲ್ಲಿಂದ ತರುವುದು? ಎಲ್ಲಿಂದಲೂ ತರಬೇಕಿಲ್ಲ. ಭೂಮಿಯ ಹೊರಪದರದಲ್ಲಿ ಆಮ್ಲಜನಕ, ಸಿಲಿಕಾನ್ ಬಿಟ್ಟರೆ ಅತಿ ಹೆಚ್ಚಿರುವುದು ಅದೇ, ತೂಕದಲ್ಲಿ ಶೇಕಡ 8ರಷ್ಟು. ಕೊಳ್ಳೇಗಾಲದ ಹೊಲದಲ್ಲೂ ಇದೆ, ಬೆಟ್ಟದ ಕಾಫಿ ಗಿಡದ ಬುಡದಲ್ಲೂ ಇದೆ. ಕೇಳಬೇಕಾದ ಪ್ರಶ್ನೆ ಅದು ಕರಗಿದೆಯೇ ಎಂಬುದು.

ಬಿಳಿಗಿರಿಯ ಸಾಲು ಬಹುಪಾಲು ಚಾರ್ನೊಕೈಟ್ ಎಂಬ ಕಲ್ಲಿನದು. ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಕ್‌ನ ಗೋರಿಗೆ ಹಾಕಿದ್ದ ಕಲ್ಲನ್ನು ಕಂಡು ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಈ ಹೆಸರಿಟ್ಟ. ನಮ್ಮ ಬೆಟ್ಟಗಳ ಚಾರ್ನೊಕೈಟ್ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಭಾರಿ ಬಿಸಿಗೆ ಬೆಂದು ಗಟ್ಟಿಯಾದದ್ದು. ಅದರಲ್ಲಿರುವ ಫೆಲ್ಡ್‌ಸ್ಪಾರ್ ಖನಿಜದೊಳಗೆ ಅಲ್ಯೂಮಿನಿಯಂ, ಸುಣ್ಣದ ಮೂಲವಾದ ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಸೇರಿಕೊಂಡಿವೆ.

ಕಲ್ಲು ಮಣ್ಣಾಗುವಾಗ ಇವು ದಾರಿ ಬೇರೆ ಮಾಡಿಕೊಳ್ಳುತ್ತವೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗಿರುತ್ತದೆ. ಕೊಳೆತ ಎಲೆಯ ನಡುವೆ ಇಳಿಯುವಾಗ ಇನ್ನಷ್ಟು ಹುಳಿಯಾಗುತ್ತದೆ. ಫಿಲ್ಟರಿನಲ್ಲಿ ಬಿಸಿನೀರು ಪುಡಿಯ ಸಾರವನ್ನು ಕೆಳಗಿಳಿಸಿ ಚರಟವನ್ನು ಮೇಲೆ ಬಿಡುವಂತೆ, ಮಳೆ ಸುಲಭವಾಗಿ ಕರಗುವ ಕ್ಯಾಲ್ಸಿಯಂ, ಸೋಡಿಯಂಗಳನ್ನು ಇಳಿಸಿಕೊಂಡು ಹೋಗುತ್ತದೆ. ಸುಲಭಕ್ಕೆ ಕರಗದ ಅಲ್ಯೂಮಿನಿಯಂ, ಕಬ್ಬಿಣ ಮೇಲುಳಿಯುತ್ತವೆ.

ಬೆಟ್ಟದ ಬುಡದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾದರೆ, ಎತ್ತರದ ತೇವದ ಕಾಡುಗಳಲ್ಲಿ 3,000 ಮಿಲಿಮೀಟರ್‌ವರೆಗೂ ಆಗುತ್ತದೆ. ಮೇಲೆ ಸುಣ್ಣ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮೋರಿಸ್ ಎಂಬ ಸ್ಕಾಟಿಷ್ ಕುಟುಂಬ ಅತ್ತಿಖಾನೆ, ಹೊನ್ನಮೇಟಿ ಕಡೆ ಕಾಫಿ ಹಾಕಿತು. ಇಂದು ಸೋಲಿಗರ ಪೋಡುಗಳಲ್ಲೂ, ಅಂದರೆ ಹಾಡಿಗಳಲ್ಲೂ, ಕಾಫಿ ಇದೆ. ತುಸು ಹುಳಿ ಮಣ್ಣು ಕಾಫಿಗೆ ಹಿತ. ಹೈಡ್ರೇಂಜಿಯಕ್ಕೂ ಅದೇ ಹಿತ.

ಬಯಲಿನಲ್ಲಿ ಕಥೆ ಬೇರೆ. ಕೊಳ್ಳೇಗಾಲ, ಹನೂರು ಕಡೆ ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಬಂದು ಹೋಗುತ್ತದೆ. ಮಿಕ್ಕ ತಿಂಗಳುಗಳಲ್ಲಿ ಬಿಸಿಲು ಎಳೆದುಕೊಳ್ಳುವ ನೀರು ಮಳೆಗಿಂತ ಎಷ್ಟೋ ಹೆಚ್ಚು. ಕರಗಿದ ಕ್ಯಾಲ್ಸಿಯಂ ದೂರ ಹೋಗಲಾಗದೆ ಮಣ್ಣಿನೊಳಗೇ ಸುಣ್ಣದ ಹರಳಾಗಿ ಕೂರುತ್ತದೆ. ಎರೆಮಣ್ಣಿನ ಹೊಲದಲ್ಲಿ ಗುಂಡಿ ತೋಡಿದರೆ ಸಿಗುವ ಬಿಳಿ ಗಂಟುಗಳು ಇವೇ. ಮೇಲಿನಿಂದ ಇಳಿದುಬಂದ ನೀರು ತಗ್ಗಿನಲ್ಲಿ ನಿಂತು ಇಂಗುವ ಕಡೆ ಈ ಸುಣ್ಣ ಇನ್ನೂ ಹೆಚ್ಚು, ಕೆಲವೆಡೆ ನೆಲ ಕರಲೂ ಆಗುತ್ತದೆ. ಇಂಥ ಮಣ್ಣಿನ ರಸಸಾರ 8ನ್ನೂ ದಾಟಬಹುದು.

ರಸಸಾರದ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. ಅಲ್ಯೂಮಿನಿಯಂನದು ಇನ್ನೂ ಕಡಿದಾದ ಏಣಿ. ಅದರ ಒಂದು ಕಣ ಕರಗಲು ಹುಳಿಯ ಮೂರು ಕಣ ಬೇಕು. ಹಾಗಾಗಿ ರಸಸಾರ ಒಂದು ಅಂಕಿ ಇಳಿದಾಗ ಕರಗುವ ಅಲ್ಯೂಮಿನಿಯಂ ಹತ್ತನ್ನು ಹತ್ತರಿಂದ ಎರಡು ಸಲ ಗುಣಿಸಿದಷ್ಟು, ಅಂದರೆ ಸಾವಿರ ಪಟ್ಟು, ಏರಬಹುದು. 5ರಿಂದ 5.5ರ ಆಸುಪಾಸಿನಲ್ಲಿ ಹೂ ನೀಲಿ, 6ರ ಹತ್ತಿರ ನೇರಳೆ, ಒಮ್ಮೊಮ್ಮೆ ಒಂದೇ ಗಿಡದಲ್ಲಿ ಎರಡು ಬಣ್ಣ, 6.5 ದಾಟಿದರೆ ಗುಲಾಬಿ. ಒಂದೇ ಬಗೆಯ ಕಲ್ಲಿನಿಂದ ಹುಟ್ಟಿದ ಎರಡು ಮಣ್ಣಿನಲ್ಲಿ ಒಂದೇ ಗಿಡದ ಎರಡು ಕಡ್ಡಿ ಊರಿದರೆ ಬೆಟ್ಟದ್ದು ನೀಲಿಯತ್ತ, ಬಯಲಿನದು ಗುಲಾಬಿಯತ್ತ ವಾಲುವುದು ಈ ಲೆಕ್ಕದಿಂದ.

ನರ ಹಸಿರು, ಎಲೆ ಹಳದಿ

ಬಣ್ಣ ಗುಲಾಬಿಯಾದರೆ ನಷ್ಟವೇನಿಲ್ಲ, ಅದೂ ಚೆಂದವೇ. ಆದರೆ ರಸಸಾರ 7 ದಾಟಿದ ಮಣ್ಣಿನಲ್ಲಿ ಅಲ್ಯೂಮಿನಿಯಂ ಜೊತೆ ಕಬ್ಬಿಣವೂ ಬೇರಿಗೆ ಎಟುಕದಂತಾಗುತ್ತದೆ. ಕೆಂಪು ಮಣ್ಣಿನ ಕೆಂಪೇ ಕಬ್ಬಿಣದ್ದು. ಅದರ ಮೇಲೆ ನಿಂತ ಗಿಡ ಕಬ್ಬಿಣವಿಲ್ಲದೆ ಸೊರಗುತ್ತದೆ. ಹರಿತ್ತು ತಯಾರಾಗಲು ಕಬ್ಬಿಣ ಬೇಕು. ಹಳೆಯ ಎಲೆಯಲ್ಲಿ ಸೇರಿಹೋದ ಕಬ್ಬಿಣವನ್ನು ಗಿಡ ಹೊಸ ಎಲೆಗೆ ಸಾಗಿಸಲಾರದು. ಅದಕ್ಕೇ ಮೊದಲು ಹಳದಿಯಾಗುವುದು ತುದಿಯ ಎಳೆ ಎಲೆ. ಸಾರಜನಕದ ಕೊರತೆಯಲ್ಲಿ ಇದಕ್ಕೆ ವಿರುದ್ಧ: ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ, ಏಕೆಂದರೆ ಗಿಡ ಅಲ್ಲಿಂದ ಸಾರಜನಕ ಕಿತ್ತು ಮೇಲಕ್ಕೆ ಕಳಿಸಬಲ್ಲದು. ಹಳದಿ ಎಲೆ ಕಂಡಾಕ್ಷಣ ಯೂರಿಯಾ ಎರಚುವ ಮುಂಚೆ ಹಳದಿ ಎಲ್ಲಿ ಶುರುವಾಗಿದೆ ಎಂದು ನೋಡಬೇಕು.

ತುರ್ತು ಚಿಕಿತ್ಸೆ ಹಳೆಯದೇ: ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಅರ್ಧ ನಿಂಬೆ ಹಿಂಡಿ, ಸಂಜೆ ಹೊತ್ತು ಎಲೆಯ ಮೇಲೆ ಸಿಂಪಡಿಸಿದರೆ ವಾರ ಹತ್ತು ದಿನದಲ್ಲಿ ಹಸಿರು ಮರಳುತ್ತದೆ. ನಿಂಬೆಯ ಸಿಟ್ರೇಟ್ ಕಬ್ಬಿಣ ತುಕ್ಕಾಗಿ ತಳ ಸೇರದಂತೆ ಹಿಡಿದಿಡುತ್ತದೆ. ಸುಣ್ಣದ ಮಣ್ಣಿಗೆ ಅನ್ನಭೇದಿ ಸುರಿಯುವುದು ವ್ಯರ್ಥ, ಅದು ಬೇಗನೆ ತುಕ್ಕಾಗಿ ಕೂರುತ್ತದೆ.

ಚಳಿಯ ಲೆಕ್ಕ

ಎಲೆ ಹಸಿರಾಗಿದ್ದು, ಗಿಡ ಎದೆಯೆತ್ತರ ಬೆಳೆದು, ಹೂ ಮಾತ್ರ ಬಾರದಿದ್ದರೆ ತಪ್ಪು ಮಣ್ಣಿನದಲ್ಲ. ಹೈಡ್ರೇಂಜಿಯ ಮ್ಯಾಕ್ರೊಫಿಲ್ಲ ತನ್ನ ಹೂಮೊಗ್ಗನ್ನು ಹಿಂದಿನ ವರ್ಷವೇ ಕಟ್ಟಿಡುತ್ತದೆ. ಹಗಲು ಚಿಕ್ಕದಾಗಿ, ರಾತ್ರಿಯ ತಾಪ ಸುಮಾರು 18 ಡಿಗ್ರಿಗಿಂತ ಕೆಳಗೆ ಆರೆಂಟು ವಾರ ನಿಂತರೆ ಕೊಂಬೆಯ ತುದಿಯಲ್ಲಿ ಮೊಗ್ಗು ಹುಟ್ಟುತ್ತದೆ. ಅದು ಚೆನ್ನಾಗಿ ಅರಳಬೇಕಾದರೆ ಆಮೇಲೆ ಇನ್ನೂ ಗಟ್ಟಿ ಚಳಿ ಬೇಕು. ವ್ಯಾಪಾರಕ್ಕೆ ಬೆಳೆಯುವವರು ಎಲೆ ಉದುರಿಸಿದ ಗಿಡಗಳನ್ನು 5ರಿಂದ 7 ಡಿಗ್ರಿಯ ಶೀತಲಗೃಹದಲ್ಲಿ ಆರು ವಾರದಷ್ಟು ಕಾಲ ಇಡುತ್ತಾರೆ.

ಗಾಳಿಯ ತಾಪ ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಊಟಿ 2,240 ಮೀಟರ್ ಎತ್ತರದಲ್ಲಿದೆ. ಬಿಳಿಗಿರಿರಂಗನ ದೇವಸ್ಥಾನ 1,500 ಮೀಟರ್ ಸುಮಾರಿಗಿದೆ. ಕೊಳ್ಳೇಗಾಲ, ಯಳಂದೂರಿನ ಬಯಲು ಅದಕ್ಕಿಂತ 850 ಮೀಟರಿನಷ್ಟು ಕೆಳಗೆ. ಬೆಟ್ಟಕ್ಕೂ ಬಯಲಿಗೂ ಐದಾರು ಡಿಗ್ರಿ ವ್ಯತ್ಯಾಸ ಬಂತು. ಕೊಳ್ಳೇಗಾಲದಲ್ಲಿ ಧನುರ್ಮಾಸದ ನಸುಕು ತಣ್ಣಗಿರುತ್ತದೆ ನಿಜ, ಆದರೆ ಹಗಲು 28–29 ಡಿಗ್ರಿಗೆ ಏರಿ ರಾತ್ರಿಯ ಗಳಿಕೆಯನ್ನು ಕರಗಿಸಿಬಿಡುತ್ತದೆ. ಊಟಿಯಿಂದ ತಂದ ವರ್ಷ ಅರಳಿದ್ದು ಊಟಿಯ ಚಳಿಯಲ್ಲಿ ಕಟ್ಟಿದ ಮೊಗ್ಗು. ಮುಂದಿನ ಮೊಗ್ಗು ಕಟ್ಟಬೇಕಿದ್ದದ್ದು ನಿಮ್ಮ ಅಂಗಳದ ಚಳಿ.

ಹನೂರಿನ ಆಚೆ, 1974ರಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಯೂರಿದ ಒಡೆಯರಪಾಳ್ಯದಂಥ ಎತ್ತರದ ಊರುಗಳು, ಮಲೆ ಮಹದೇಶ್ವರ ಬೆಟ್ಟದ ತಾಳಬೆಟ್ಟದಿಂದ ಮೇಲಿನ ಭಾಗ ಇವೆಲ್ಲ ನಡುವಿನ ವರ್ಗಕ್ಕೆ ಸೇರುತ್ತವೆ. ಅಲ್ಲಿ ಹೂ ಬರುವುದು ಆ ವರ್ಷದ ಚಳಿಯನ್ನು ಅವಲಂಬಿಸಿದ್ದು.

ಮೊಗ್ಗು ಕೊಂಬೆಯ ತುದಿಯಲ್ಲಿ ಮುಂಚೆಯೇ ಇರುವುದರಿಂದ ಸವರುವ ಕಾಲವೂ ಮುಖ್ಯ. ಗುಲಾಬಿ ಗಿಡ ಸವರುವ ಅಭ್ಯಾಸದಲ್ಲಿ ನವೆಂಬರಿನಲ್ಲಿ ಕತ್ತರಿ ಹಾಕಿದರೆ ಮುಂದಿನ ಹೂವೆಲ್ಲ ನೆಲಕ್ಕೆ ಬಿತ್ತೆಂದೇ ಲೆಕ್ಕ. ಗೊಂಚಲು ಬಾಡಿದ ಕೂಡಲೇ, ಅದರ ಕೆಳಗಿನ ಎರಡು ಜೊತೆ ಎಲೆ ಬಿಟ್ಟು ಸವರಿ ಮುಗಿಸಬೇಕು. ಆಮೇಲೆ ಮುಟ್ಟಬಾರದು.

ಕುಂಡದ ಅಳತೆಯ ಬೆಟ್ಟ

ಬಯಲಿನಲ್ಲಿ ಇದನ್ನು ನೆಲಕ್ಕೆ ಹಾಕುವುದು ಬೇಡ. ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ನೀಲಿ ಬರಿಸಲು ಪಟಿಕ ಹಾಕಿ ಎನ್ನುತ್ತಾರೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ, ದೃಷ್ಟಿ ತೆಗೆಯಲು ಬಾಗಿಲಿಗೆ ಕಟ್ಟುವ ಪಟಿಕ ಅಲ್ಯೂಮಿನಿಯಂನದೇ ಲವಣ. ಕರಗಿದಾಗ ಹುಳಿಯನ್ನೂ ಕೊಡುತ್ತದೆ. ಆದರೆ 10 ಕಿಲೋ ಮಣ್ಣಿನಲ್ಲಿ ಶೇಕಡ ಒಂದರಷ್ಟು ಸುಣ್ಣದ ಹರಳಿದೆ ಎನ್ನಿ. ಅದು 100 ಗ್ರಾಂ. ಅಷ್ಟನ್ನು ಕರಗಿಸಿ ಮುಗಿಸಲು ಮಾತ್ರ 300 ಗ್ರಾಂಗೂ ಹೆಚ್ಚು ಪಟಿಕ ಬೇಕು, ನೀಲಿ ಆಮೇಲಿನ ಮಾತು. ಅಷ್ಟು ಲವಣ ಬಿದ್ದರೆ ಬೇರು ಸುಡುತ್ತದೆ. ಸುಣ್ಣದ ಮಣ್ಣನ್ನು ತಿದ್ದುವುದಕ್ಕಿಂತ ಸುಣ್ಣವಿಲ್ಲದ ಮಣ್ಣನ್ನು ಕುಂಡದಲ್ಲಿ ಕೂಡಿಸುವುದು ಸುಲಭ.

ನಿಮ್ಮ ಮಣ್ಣಿನಲ್ಲಿ ಸುಣ್ಣವಿದೆಯೇ ಎಂದು ತಿಳಿಯಲು ಒಣ ಮಣ್ಣಿನ ಚಮಚವೊಂದಕ್ಕೆ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ಇದೆ. ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟಿನ ಚೂರು ಸೇರಿದ ಅಂಗಳದಲ್ಲಿ ಕೆಂಪು ಮಣ್ಣೂ ನೊರೆ ಬರಿಸುತ್ತದೆ. ಅಂಕಿಯೇ ಬೇಕಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಇಲ್ಲವೇ ಚಾಮರಾಜನಗರದ ಬಳಿಯ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.

ಕುಂಡ 12–14 ಅಂಗುಲದ್ದಿರಲಿ, ತಳದ ತೂತು ದೊಡ್ಡದಿರಲಿ. ನೊರೆ ಬಾರದ ಕೆಂಪು ಮಣ್ಣು ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಕಾಫಿ ಸಿಪ್ಪೆಯ ಗೊಬ್ಬರ ಒಂದು ಪಾಲು. ರೇಷ್ಮೆ ಮನೆಯವರಾದರೆ ಹುಳುವಿನ ಹಿಕ್ಕೆ ಕಳಿಸಿದ್ದು ಒಂದು ಹಿಡಿ ಸಾಕು. ಅದರಲ್ಲಿ ಸಾರಜನಕ ಹೆಚ್ಚು. ಅತಿಯಾದರೆ ಬರೀ ಎಲೆ. ಗೋಡು ಮಣ್ಣಿಗೆಂದು ಚೀಲ ಹಿಡಿದು ಕಾಡಿಗೆ ಹೋಗಬೇಡಿ. ಬಿಳಿಗಿರಿ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಿಂದ ಮಣ್ಣು, ತರಗು ತರುವುದು ಅಪರಾಧ. ಮಾವು, ಹಲಸಿನ ತರಗನ್ನು ಮನೆಯಲ್ಲೇ ಕಳಿಸಿಕೊಳ್ಳಬಹುದು.

ಮಣ್ಣು ಸರಿಮಾಡಿ ನೀರನ್ನು ಮರೆತರೆ ಎಲ್ಲ ವ್ಯರ್ಥ. ಬೋರ್‌ವೆಲ್ ನೀರು ಸೋಕಿದ ಕುಂಡದ ಮೈಮೇಲೆ ಕಟ್ಟುವ ಬಿಳಿಯ ಪದರದಲ್ಲಿ ಸುಣ್ಣವೇ ಹೆಚ್ಚು. ಲೀಟರಿಗೆ 300 ಮಿಲಿಗ್ರಾಂ ಸುಣ್ಣದಂಶವಿರುವ ನೀರನ್ನು ಕುಡಿಯುವ ನೀರಿನ ಭಾರತೀಯ ಮಾನಕ ತಡೆಯುವುದಿಲ್ಲ. ಬೇರೆ ಮೂಲವಿಲ್ಲದಿದ್ದರೆ ಗಡಸುತನ 600ರವರೆಗೂ ಇರಬಹುದು ಎನ್ನುತ್ತದೆ. ಮನುಷ್ಯರಿಗೆ ತೊಂದರೆಯಿಲ್ಲ. ಆದರೆ ದಿನಕ್ಕೆ ಒಂದು ಲೀಟರಿನಂತೆ ನೂರು ದಿನ ಹಾಕಿದರೆ ಕುಂಡಕ್ಕೆ 30 ಗ್ರಾಂ ಸುಣ್ಣ ಸುರಿದಂತೆ. ನಾವೇ ಕೈಯಾರೆ ಬೆಟ್ಟದ ಮಣ್ಣನ್ನು ಬಯಲಿನ ಮಣ್ಣು ಮಾಡುತ್ತಿರುತ್ತೇವೆ.

ಇದಕ್ಕೆ ಪರಿಹಾರ ಮಳೆನೀರು. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತು ಚದರ ಮೀಟರಿನ ಶೀಟಿನ ಮೇಲೆ ಸೆಪ್ಟೆಂಬರಿನ ಒಂದು ಹದ ಮಳೆ, 25 ಮಿಲಿಮೀಟರ್, ಬಿದ್ದರೆ 250 ಲೀಟರ್. ಜನವರಿಯಿಂದ ಏಪ್ರಿಲ್‌ವರೆಗೆ ಒಂದು ಗಿಡಕ್ಕೆ ದಿನಕ್ಕೆ ಎರಡು ಲೀಟರಿನಂತೆ 240 ಲೀಟರ್ ಸಾಕು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಡಿ; ಸಿಮೆಂಟ್ ತೊಟ್ಟಿ ಆ ನೀರಿಗೂ ಸುಣ್ಣ ಬೆರೆಸುತ್ತದೆ.

ಇಷ್ಟಾದ ಮೇಲೆ ಪಟಿಕಕ್ಕೆ ಅರ್ಥ ಬರುತ್ತದೆ. ಮೊಗ್ಗು ಕಾಣತೊಡಗಿದಾಗ ಲೀಟರ್ ನೀರಿಗೆ 3–4 ಗ್ರಾಂ ಕರಗಿಸಿ, ಮೊದಲೇ ನೆಂದ ಮಣ್ಣಿಗೆ, ಹದಿನೈದು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಹಾಕಿ. ಆ ಅವಧಿಯಲ್ಲಿ ಡಿಎಪಿ, ಮೂಳೆಪುಡಿ ದೂರವಿರಲಿ. ಅವುಗಳಲ್ಲಿರುವ ರಂಜಕ ಅಲ್ಯೂಮಿನಿಯಂ ಅನ್ನು ಹಿಡಿದು ಕಲ್ಲಾಗಿಸುತ್ತದೆ. ಗುಲಾಬಿಯೇ ಬೇಕೆನ್ನುವವರು ಇದನ್ನೇ ತಿರುಗಿಸಿ ರಂಜಕ ಹೆಚ್ಚು ಕೊಡಬಹುದು.

ಜಾಗ ಮೂಡಲ ಕಡೆಯದು ಮೇಲು. ಬೆಳಿಗ್ಗೆ ಹತ್ತರವರೆಗೆ ಬಿಸಿಲು, ಆಮೇಲೆ ನೆರಳು. ಬೇಸಿಗೆಯಲ್ಲಿ ಶೇಕಡ 50ರ ನೆರಳು ಪರದೆ ಕಟ್ಟಬೇಕು. ಅಗಲ ಎಲೆಗಳು ಬೇರು ಹೀರುವುದಕ್ಕಿಂತ ಬೇಗ ನೀರು ಬಿಡುವುದರಿಂದ ಮಧ್ಯಾಹ್ನ ಜೋತುಬೀಳುವುದು ಸಹಜ. ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ; ಮುಂಜಾನೆಯೂ ಜೋತಿದ್ದರೆ ಮಾತ್ರ ನೀರಿನ ಕೊರತೆ, ಇಲ್ಲವೇ ನೀರು ನಿಂತು ಬೇರು ಕೊಳೆತಿದೆ. ಬುಡಕ್ಕೆ ತರಗು ಮುಚ್ಚಿ. ಒಣ ಬಿಸಿಲಿನಲ್ಲಿ ಎಲೆಯಡಿ ಕೆಂಪು ನುಸಿ ಬಂದರೆ ನೀರು ಚಿಮ್ಮಿಸಿ ತೊಳೆದು ಬೇವಿನ ಎಣ್ಣೆ ಹೊಡೆಯಿರಿ. ಹೊಸ ಗಿಡ ಬೇಕಾದರೆ ಜೂನ್–ಜುಲೈನಲ್ಲಿ, ಹೂ ಬಿಡದ ಕೊಂಬೆಯಿಂದ ಎರಡು ಗೆಣ್ಣಿನ ಕಡ್ಡಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮೇಲಿನ ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಮರಳು ಬೆರೆಸಿದ ನಾರಿನ ಪುಡಿಯಲ್ಲಿ ನೆರಳಲ್ಲಿ ಊರಿ. ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ.

ಕೊಟ್ಟಿಗೆ ಇರುವ ಮನೆಯವರಿಗೆ ಒಂದು ಎಚ್ಚರಿಕೆ: ಎಲೆ, ಮೊಗ್ಗು ವಿಷ. 2008ರಲ್ಲಿ ಜಪಾನಿನ ಹೋಟೆಲುಗಳಲ್ಲಿ ತಟ್ಟೆಯ ಅಲಂಕಾರಕ್ಕೆ ಇಟ್ಟಿದ್ದ ಹೈಡ್ರೇಂಜಿಯ ಎಲೆ ತಿಂದವರು ವಾಂತಿಯಾಗಿ ಒದ್ದಾಡಿದರು. ಸವರಿದ ಸೊಪ್ಪನ್ನು ಆಡಿನ ಮುಂದೆ ಹಾಕಬೇಡಿ.

ಕಲಿತದ್ದು ಎಲ್ಲಿಗೆ ಬಂತು

ಇಷ್ಟೆಲ್ಲ ಮಾಡಿದರೂ ಕೊಳ್ಳೇಗಾಲದ ಬಯಲಿನಲ್ಲಿ ಹೈಡ್ರೇಂಜಿಯ ವರ್ಷ ವರ್ಷವೂ ಅರಳುತ್ತದೆ ಎಂದು ಮಾತು ಕೊಡಲಾಗದು. ಮಣ್ಣನ್ನು, ನೀರನ್ನು ತಿದ್ದಬಹುದು, ಡಿಸೆಂಬರಿನ ಹಗಲನ್ನು ತಿದ್ದಲಾಗದು. ಬೆಟ್ಟದ ಊರಿನವರು ನೆಲಕ್ಕೇ ಹಾಕಲಿ. ಬಯಲಿನವರು ಒಂದು ಕುಂಡದಲ್ಲಿ ಇಟ್ಟುಕೊಂಡು, ಅಂಗಳದ ನೆಲವನ್ನು ಅಲ್ಲಿ ತಾನೇ ಒಗ್ಗುವ ದಾಸವಾಳ, ಕನಕಾಂಬರ, ಸುಗಂಧರಾಜ, ಕಣಗಿಲೆಗೆ ಬಿಡುವುದು ಜಾಣತನ.

ಆದರೂ ಈ ಗಿಡಕ್ಕಾಗಿ ಕಲಿತ ಲೆಕ್ಕ ಹೂವಿನಲ್ಲೇ ಮುಗಿಯುವುದಿಲ್ಲ. ಬೇಲಿಯ ಇಕ್ಸೋರದ ಎಳೆ ಎಲೆ ಹಳದಿಯಾಗುವುದು, ಹಿಪ್ಪುನೇರಳೆಯ ಕುಡಿ ಬಿಳಿಚಿಕೊಳ್ಳುವುದು, ಭತ್ತದ ಒಟ್ಲು ಹಸಿರು ಕಟ್ಟದಿರುವುದು, ಕಬ್ಬಿನ ಎಳೆ ಸುಳಿಯಲ್ಲಿ ಬಿಳಿ ಗೆರೆ ಮೂಡುವುದು, ಇವುಗಳಲ್ಲೂ ಎಷ್ಟೋ ಸಲ ಕಾರಣ ಅದೇ ಸುಣ್ಣ, ಅದೇ ಬೋರ್‌ವೆಲ್ ನೀರು. ಹಳದಿ ಸೊಪ್ಪು ತಿಂದ ರೇಷ್ಮೆ ಹುಳು ಗೂಡು ಕಟ್ಟುವಾಗ ನಷ್ಟದ ಲೆಕ್ಕ ರೂಪಾಯಿಯಲ್ಲೇ ಗೊತ್ತಾಗುತ್ತದೆ. ಅಲ್ಲಿ ಯೂರಿಯಾ ಮೂಟೆ ಖಾಲಿ ಮಾಡುವ ಮುಂಚೆ ಒಂದು ಚಮಚ ವಿನೆಗರ್ ಖರ್ಚು ಮಾಡುವುದು ಅಗ್ಗ. ಗಿಡ ಸೊರಗಿದಾಗ ವಿಚಾರಿಸಬೇಕಾದ ಸರದಿ ಇದು: ಮೊದಲು ನೀರು, ಆಮೇಲೆ ಮಣ್ಣು, ಗೊಬ್ಬರದ ಅಂಗಡಿ ಕೊನೆಗೆ.